ಬೂಟ್ ಹಂತದಲ್ಲಿ ಸಾಧನದ ಮೆಮೊರಿಯನ್ನು ಮ್ಯಾಪ್ ಮಾಡುವ ಕ್ರಮ

ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ಬೋರ್ಡು ಕೊಳ್ಳುವ ಮೊದಲು, 64 ಬಿಟ್‌ನ ಆರ್ಮ್ ಕರ್ನಲ್ ಅನ್ನು (ಆಪರೇಟಿಂಗ್ ಸಿಸ್ಟಮ್‌ನ ತಿರುಳನ್ನು) ಕ್ಯೂಎಮು ಎಂಬ ಅನುಕರಣೆ ತಂತ್ರಾಂಶದ 'ವರ್ಟ್' ಯಂತ್ರದಲ್ಲಿ ಪರೀಕ್ಷಿಸುವುದು ಒಳ್ಳೆಯದು. ಅಲ್ಲಿ, ಅಕ್ಷರಗಳನ್ನು ಹೊರಕ್ಕೆ ಕಳಿಸುವ ಸಾಧನವಾದ ಯುಆರ್ಟ್‌ನ ಭೌತಿಕ ವಿಳಾಸವು ಹದಿನಾರರ ಪದ್ಧತಿಯಲ್ಲಿ 09000000. ಆದರೂ ಅದನ್ನು ಕೋಡಿನಲ್ಲಿ ಬರೆದಿಡದೆ ಯಂತ್ರದ ಸಾಧನಗಳನ್ನು ವಿವರಿಸುವ ಡಿವೈಸ್ ಟ್ರೀಯಿಂದಲೇ ಓದಿಕೊಳ್ಳಬೇಕು.

ವರ್ಚುವಲ್ ವಿಳಾಸಗಳನ್ನು ಭೌತಿಕ ವಿಳಾಸಗಳಿಗೆ ಬದಲಿಸುವ ಎಂಎಂಯು ಘಟಕವನ್ನು ಚಾಲೂ ಮಾಡುವ ಮೊದಲೇ ಈ ವಿಳಾಸಕ್ಕೆ 4096 ಬೈಟ್‌ಗಳ ಒಂದು ಪುಟವನ್ನು ಆ ಬದಲಾವಣೆಯ ನಕ್ಷೆಯಾದ ಪುಟಪಟ್ಟಿಯಲ್ಲಿ ಸೇರಿಸಿರಿ. ಇದನ್ನು ಮರೆತರೆ, ಮುಂದಿನ ಅಕ್ಷರವನ್ನು ಮುದ್ರಿಸುವಾಗಲೇ ಫಾಲ್ಟ್ (ಮೆಮೊರಿ ದೋಷ) ಉಂಟಾಗುತ್ತದೆ. ಆ ಫಾಲ್ಟನ್ನು ವರದಿ ಮಾಡಬೇಕಾದ ಕೋಡು ಕೂಡ ಅದೇ ಯುಆರ್ಟ್ ಅನ್ನು ನೆಚ್ಚಿಕೊಂಡಿರುವುದರಿಂದ ಪರದೆಯ ಮೇಲೆ ಏನೂ ಕಾಣುವುದಿಲ್ಲ. ಈ ಮೌನದ ಕಾರಣ ಹುಡುಕುತ್ತಾ ನಾನು ಎರಡು ರಾತ್ರಿ ಕಳೆದಿದ್ದೇನೆ.

ಪುಟದ ಗುಣವನ್ನು ಸಾಮಾನ್ಯ ಮೆಮೊರಿಯೆಂದಲ್ಲ, 'ಡಿವೈಸ್' ಎಂದೇ ನಮೂದಿಸಬೇಕು. ಇಲ್ಲವಾದರೆ ಬರೆದ ಬೈಟು ಪ್ರೊಸೆಸರ್‌ನ ತಾತ್ಕಾಲಿಕ ಸಂಗ್ರಹವಾದ ಕ್ಯಾಶೆಯಲ್ಲೇ ಉಳಿಯಬಹುದು, ಪ್ರೊಸೆಸರ್ ಓದು-ಬರಹಗಳ ಕ್ರಮವನ್ನೂ ಬದಲಿಸಬಹುದು. ಪುಟದ ನಮೂದಿನಲ್ಲಿ ಆಕ್ಸೆಸ್ ಫ್ಲ್ಯಾಗ್ (ಪುಟ ಬಳಕೆಗೆ ಬಂದಿದೆ ಎಂಬ ಗುರುತು) ಆಗಿರುವ 10ನೆಯ ಬಿಟ್ ಅನ್ನು 1 ಮಾಡಿ, ಆ ಪುಟದಿಂದ ಕೋಡು ನಡೆಯದಂತೆ ನಿಷೇಧಿಸಿರಿ.

ಪಟ್ಟಿ ಬರೆದ ಬಳಿಕ ಡಿಎಸ್‌ಬಿ, ಐಎಸ್‌ಬಿ ಎಂಬ, ಹಿಂದಿನ ಬರಹಗಳು ಮುಗಿದು ಜಾರಿಗೆ ಬರುವವರೆಗೆ ಪ್ರೊಸೆಸರನ್ನು ಕಾಯಿಸುವ ಆದೇಶಗಳನ್ನು ಕೊಡಿ. ಮೊದಲೇ ಇದ್ದ ನಮೂದನ್ನು ಬದಲಿಸುವುದಾದರೆ, ಅದನ್ನು ಅಮಾನ್ಯಗೊಳಿಸಿ, ಪುಟಪಟ್ಟಿಯ ನಮೂದುಗಳ ಪ್ರತಿಯನ್ನು ಇಟ್ಟುಕೊಳ್ಳುವ ಟಿಎಲ್‌ಬಿಯಲ್ಲಿನ ಹಳೆಯ ನಮೂದನ್ನು ಅಳಿಸಿದ ಮೇಲೆಯೇ ಹೊಸದನ್ನು ಬರೆಯಬೇಕು.