ಆಂಡ್ರಾಯ್ಡ್ 13ರಿಂದ 12ಕ್ಕೆ ವಾಪಸ್, ಬೂಟ್‌ಲೋಡರ್ ಲಾಕ್ ಸಮೇತ: ನನ್ನ ಅನುಭವ

ಆಂಡ್ರಾಯ್ಡ್ 13ಕ್ಕೆ ಹೋದ ಫೋನನ್ನು 12ಕ್ಕೆ ಇಳಿಸಿ, ಬೂಟ್‌ಲೋಡರನ್ನು (ಫೋನ್ ಆನ್ ಆದಾಗ ಸಿಸ್ಟಂ ಎಬ್ಬಿಸೋ ಪ್ರೋಗ್ರಾಂ; ಲಾಕ್ ಇದ್ದರೆ ಕಂಪನಿ ಸಹಿ ಇರೋ ಸಾಫ್ಟ್‌ವೇರ್ ಮಾತ್ರ ಬಿಡುತ್ತೆ) ಮತ್ತೆ ಲಾಕ್ ಮಾಡೋದು ಆಗಲ್ಲ ಅಂದವರೇ ಜಾಸ್ತಿ. ಸರ್ವಿಸ್ ಸೆಂಟರ್‌ನವರು ಬೋರ್ಡ್ ಬದಲಿಸಿ, ಏಳೆಂಟು ಸಾವಿರ ಆಗುತ್ತೆ ಅಂದರು. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ವರ್ಷಗಟ್ಟಲೆ ಸಾಫ್ಟ್‌ವೇರ್ ಕೆಲಸ ಮಾಡಿರೋ ಗೆಳೆಯನೊಬ್ಬ, "ಇಳಿಸೋದು ಇಳಿಸ್ತೀಯ, ಲಾಕ್ ಮಾಡಿದ ಕೂಡಲೇ ಸಾಯುತ್ತೆ ನೋಡು" ಅಂದ. ಈಗ ನಮ್ಮ ತಿಪಟೂರು ಸುತ್ತಮುತ್ತ ಇಪ್ಪತ್ತಕ್ಕೂ ಜಾಸ್ತಿ ಫೋನುಗಳು ಹಳೆಯ ಆಂಡ್ರಾಯ್ಡ್ 12ರ ಮೇಲೆ, ಬೂಟ್‌ಲೋಡರ್ ಲಾಕ್ ಆಗಿ, ಯುಪಿಐ ಎಲ್ಲಾ ಓಡಿಸಿಕೊಂಡು ಆರಾಮಾಗಿವೆ. ಆ ಗೆಳೆಯನಿಗೆ ಒಂದರ ವಿಡಿಯೋ ಕಳಿಸಿದ್ದೆ. ಎರಡು ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ.

ಕಂಪನಿ ಹೆಸರು ಬರೆಯಲ್ಲ. ಮೀಡಿಯಾಟೆಕ್ ಚಿಪ್, 4 ಜಿಬಿ ರ‍್ಯಾಮ್, ಹದಿಮೂರು ಹದಿನಾಲ್ಕು ಸಾವಿರದ ಮಾಡೆಲ್. ಊರಿನ ಅಂಗಡಿಯೊಂದರಲ್ಲಿ ಇಎಂಐ ಸ್ಕೀಮ್ ಇತ್ತು, ಹಾಗಾಗಿ ಕೊಬ್ಬರಿ ಮಂಡಿಯಿಂದ ಹಿಡಿದು ಡೈರಿವರೆಗೆ ಎಲ್ಲರ ಕೈಯಲ್ಲೂ ಅದೇ ಫೋನ್. ಆಂಡ್ರಾಯ್ಡ್ 13 ಬಂತು ನೋಡಿ, ಅಂಗಡಿ ಮುಂದೆ ಸಾಲು ಶುರುವಾಯಿತು. ಎಲ್ಲರದ್ದೂ ಒಂದೇ ದೂರು. ಮಧ್ಯಾಹ್ನಕ್ಕೆ ಬ್ಯಾಟರಿ ಖಾಲಿ. ಕರೆ ಬಂದರೆ ರಿಂಗ್ ಆಗುತ್ತೆ, ಸ್ಕ್ರೀನ್ ಮಾತ್ರ ನಾಲ್ಕೈದು ಸೆಕೆಂಡ್ ಕಪ್ಪು. ವಾಟ್ಸಾಪ್‌ನಲ್ಲಿ ವಾಯ್ಸ್ ಮೆಸೇಜ್ ಒತ್ತಿ ಹಿಡಿದರೆ ಮೊದಲ ಎರಡು ಪದ ನುಂಗಿಬಿಡುತ್ತೆ. ಮಂಡಿಯವರಿಗೆ ಆ ಎರಡು ಪದದಲ್ಲೇ ರೇಟು ಇರೋದು.

ನಾನು ನೇರ ಫ್ಲ್ಯಾಶ್‌ಗೆ, ಅಂದರೆ ಬೇರೆ ಸಾಫ್ಟ್‌ವೇರ್ ತುಂಬೋ ಕೆಲಸಕ್ಕೆ, ಇಳಿಯಲಿಲ್ಲ. ಅಪ್‌ಡೇಟ್ ಆದ ಮೇಲೆ ಆ್ಯಪ್‌ಗಳೆಲ್ಲ ಮತ್ತೆ ಕಂಪೈಲ್ ಆಗಬೇಕು, ಅಂದರೆ ಹೊಸ ಸಿಸ್ಟಂನಲ್ಲಿ ಬೇಗ ಓಡೋ ಹಾಗೆ ಸಿದ್ಧವಾಗಬೇಕು. ಅದು ರಾತ್ರಿ ಚಾರ್ಜಿಗೆ ಹಾಕಿ ಸುಮ್ನೆ ಬಿಟ್ಟಾಗ ಆಗೋ ಕೆಲಸ. ನಮ್ಮ ಜನ ರಾತ್ರಿಯೆಲ್ಲ ಚಾರ್ಜಿಗೆ ಹಾಕಲ್ಲ, ಬ್ಯಾಟರಿ ಊದುತ್ತೆ ಅಂತ ಭಯ. ಎಡಿಬಿಯಲ್ಲಿ (ಕಂಪ್ಯೂಟರಿನಿಂದ ಫೋನಿಗೆ ಕಮಾಂಡ್ ಕೊಡೋ ಟೂಲ್) 'ಪ್ಯಾಕೇಜ್ ಕಂಪೈಲ್' ಕಮಾಂಡ್ ಕೊಟ್ಟು, ಸ್ಪೀಡ್-ಪ್ರೊಫೈಲ್ ಮೋಡ್‌ನಲ್ಲಿ ಎಲ್ಲಾ ಆ್ಯಪ್‌ಗೂ ಓಡಿಸಿದೆ. ಅರ್ಧ ಮುಕ್ಕಾಲು ಗಂಟೆ ಹಿಡಿಯುತ್ತೆ. ಜೊತೆಗೆ ಗುಡ್ ಮಾರ್ನಿಂಗ್ ಫೋಟೋಗಳನ್ನು ಅಳಿಸಿ ಹತ್ತು ಹದಿನೈದು ಜಿಬಿ ಜಾಗ ಮಾಡಿಕೊಟ್ಟೆ. ಬಂದ ಫೋನುಗಳಲ್ಲಿ ಹೆಚ್ಚುಕಮ್ಮಿ ಮೂರರಲ್ಲಿ ಒಂದು ಅಷ್ಟಕ್ಕೇ ಸರಿಹೋಯಿತು. ಇದಕ್ಕೆ ನೂರು ರೂಪಾಯಿ ತಗೊಂಡೆ, ಕೆಲವರ ಹತ್ತಿರ ಅದೂ ಇಲ್ಲ. ಯಾರಾದರೂ ಡೌನ್‌ಗ್ರೇಡ್ ಕೇಳಿಕೊಂಡು ಬಂದರೆ ಈಗಲೂ ಮೊದಲು ಇದನ್ನೇ ಮಾಡಿ ನೋಡುತ್ತೇನೆ.

ಉಳಿದ ಫೋನುಗಳಿಗೆ ಹಿಂದಕ್ಕೆ ಹೋಗೋದೇ ದಾರಿ. ಈ ಫೋನಿನಲ್ಲಿ ವರ್ಚುವಲ್ ಎ/ಬಿ ಇದೆ, ಅಂದರೆ ಎ, ಬಿ ಅಂತ ಎರಡು ಸ್ಲಾಟ್ ಇದ್ದರೂ ಸಿಸ್ಟಂಗೆ ಜಾಗ ಒಂದೇ. ಅಪ್‌ಡೇಟ್ ಆಗಿ ರೀಬೂಟ್ ಆದ ಮೇಲೆ ಹಿನ್ನೆಲೆಯಲ್ಲಿ ಮರ್ಜ್ (ಹೊಸದು ಹಳೆಯದರ ಜಾಗ ಸೇರೋದು) ಮುಗಿಯಿತು ಅಂದರೆ ಹಳೆಯ ಸಿಸ್ಟಂ ಫೋನಿನೊಳಗೆ ಇರೋದೇ ಇಲ್ಲ. ಸ್ಲಾಟ್ ಬದಲಿಸಿ ನೋಡ್ತೀನಿ ಅಂತ ಹೋದವರ ಫೋನ್ ಬೂಟ್‌ಲೂಪ್‌ನಲ್ಲಿ (ಪೂರ್ತಿ ಆನ್ ಆಗದೆ ಮತ್ತೆ ಮತ್ತೆ ರೀಸ್ಟಾರ್ಟ್) ನನ್ನ ಹತ್ತಿರ ಬಂದಿದೆ.

ಪ್ರಯೋಗಕ್ಕೆ ಅಂತ ಅದೇ ಮಾಡೆಲ್‌ನ ಸ್ಕ್ರೀನ್ ಒಡೆದ ಫೋನ್ ಒಂದನ್ನು ಮೂರು ಸಾವಿರದ ಹತ್ತಿರ ಕೊಟ್ಟು ತಗೊಂಡಿದ್ದೆ. ಸತ್ತರೆ ಸಾಯಲಿ ಅಂತ ಹಳೆಯ ಫರ್ಮ್‌ವೇರನ್ನು ಪ್ರೀಲೋಡರ್ (ಆನ್ ಆದಾಗ ಚಿಪ್ ಮೊದಲು ಎತ್ತಿಕೊಳ್ಳೋ ಪ್ರೋಗ್ರಾಂ) ಸಮೇತ ಪೂರ್ತಿ ಹೊಡೆದೆ. ಸತ್ತೇ ಹೋಯಿತು. ಸ್ಕ್ರೀನ್ ಇಲ್ಲ, ವೈಬ್ರೇಷನ್ ಇಲ್ಲ. ಕೇಬಲ್ ಹಾಕಿದರೆ ಕಂಪ್ಯೂಟರ್ ಟಿಂಗ್ ಅನ್ನುತ್ತೆ, ಡಿವೈಸ್ ಮ್ಯಾನೇಜರ್‌ನಲ್ಲಿ ಮೀಡಿಯಾಟೆಕ್ ಪೋರ್ಟ್ ಒಂದೆರಡು ಸೆಕೆಂಡ್ ಮಿಂಚಿ ಮಾಯ, ಮತ್ತೆ ಟಿಂಗ್. ಹೊಸ ಅಪ್‌ಡೇಟ್ ಪ್ರೀಲೋಡರ್ ವರ್ಷನ್ ಸಂಖ್ಯೆಯನ್ನು ಚಿಪ್ ಮಟ್ಟದಲ್ಲೇ ಏರಿಸಿಬಿಟ್ಟಿತ್ತು. ಅದಕ್ಕಿಂತ ಹಳೆಯದನ್ನು ಚಿಪ್ ಒಳಗೇ ಬಿಟ್ಟುಕೊಳ್ಳಲ್ಲ. ದುಡ್ಡು ಕೊಟ್ಟು ಆಥ್ (ಚಿಪ್‌ಗೆ ಬರೆಯೋ ಅನುಮತಿ) ಮಾಡಿಸೋ ಟೂಲ್‌ಗೆ ಎರಡು ಸಾವಿರ ಚಿಲ್ಲರೆಯ ಕ್ರೆಡಿಟ್ ಸುರಿದೆ, ಈ ಚಿಪ್‌ಗೆ ಸಪೋರ್ಟ್ ಇಲ್ಲ ಅಂತ ಕೈಯೆತ್ತಿತು. ಆ ಬೋರ್ಡಿನ ಚಾರ್ಜಿಂಗ್ ಐಸಿಯನ್ನು ಇನ್ನೊಂದು ಫೋನಿಗೆ ಹಾಕಿ ಸ್ವಲ್ಪ ದುಡ್ಡು ವಾಪಸ್ ಪಡೆದೆ.

ಅಲ್ಲಿಂದ ಒಂದು ನಿಯಮ ಮಾಡಿಕೊಂಡೆ. ಪ್ರೀಲೋಡರ್, ಎಲ್‌ಕೆ (ಬೂಟ್‌ಲೋಡರ್), ಟೀ (TEE, ಕೀಗಳನ್ನು ಕಾಯೋ ಸುರಕ್ಷಿತ ಭಾಗ) ಮೂರೂ ಹೊಸದೇ ಇರಲಿ. ಮೇಲಿನದ್ದು ಮಾತ್ರ ಹಳೆಯದು. ಎರಡನೇ ಫೋನ್ ಹೀಗೆ ಬೂಟ್ ಆಯಿತು, ಕುಣಿದಾಡಿಬಿಟ್ಟೆ. ಸಿಮ್ ಹಾಕಿದರೆ ನೋ ಸರ್ವಿಸ್. ಐಎಂಇಐ ಸರಿಯಾಗೇ ತೋರಿಸುತ್ತೆ, ಬೇಸ್‌ಬ್ಯಾಂಡ್ (ಮೋಡೆಮ್ ಸಾಫ್ಟ್‌ವೇರ್ ವರ್ಷನ್) ಜಾಗದಲ್ಲಿ 'ಅನ್‌ನೋನ್'. ಎರಡು ರಾತ್ರಿ ನಿದ್ದೆಗೆಟ್ಟೆ. ವಿಷಯ ಏನಂದರೆ ಮೋಡೆಮ್ ಇಮೇಜ್ 13ರದ್ದೇ ಉಳಿದಿತ್ತು, ಮೇಲಿರೋ ವೆಂಡರ್ (ಹಾರ್ಡ್‌ವೇರ್ ಡ್ರೈವರ್‌ಗಳ ಭಾಗ) 12ರದ್ದು. ಇಬ್ಬರಿಗೂ ಮಾತುಕತೆ ಇಲ್ಲ. ಮೋಡೆಮನ್ನೂ ಹಳೆಯದಕ್ಕೆ ಇಳಿಸಿದೆ, ಟವರ್ ಬಂತು. ಎನ್‌ವಿರ‍್ಯಾಮ್ ಅನ್ನು (ಐಎಂಇಐ ಇರೋ ಜಾಗ) ಮಾತ್ರ ಯಾವ ಕಾರಣಕ್ಕೂ ಮುಟ್ಟಬೇಡಿ. ಮುಟ್ಟಿ ಐಎಂಇಐ ಹೋದರೆ 'ಬರೆದುಕೊಡ್ತೀವಿ' ಅನ್ನೋರು ಸಿಗುತ್ತಾರೆ, ಆ ಕಡೆ ತಲೆ ಹಾಕಬೇಡಿ. 2023ರ ಟೆಲಿಕಾಂ ಕಾಯ್ದೆಯಲ್ಲಿ ಅದಕ್ಕೆ ಮೂರು ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ ಇದೆ. ನಮ್ಮ ಏಳುನೂರು ರೂಪಾಯಿ ಕೆಲಸಕ್ಕೆ ಅದು ಬೇಕಾ?

ಮಧ್ಯೆ ಒಂದು ಅಡ್ಡದಾರಿಯನ್ನೂ ಹಿಡಿದಿದ್ದೆ. ಕಂಪನಿ ಸಾಫ್ಟ್‌ವೇರೇ ಬೇಡ, ಜಿಎಸ್‌ಐ (ಬೇರೆ ಬೇರೆ ಫೋನಿಗೆ ಹೊಂದೋ ಸಾದಾ ಆಂಡ್ರಾಯ್ಡ್) ಹಾಕೋಣ ಅಂತ. ಫೋನ್ ಎಷ್ಟು ಹಗುರ ಆಯಿತು ಅಂದರೆ ನನ್ನ ಸ್ವಂತಕ್ಕೇ ಇಟ್ಟುಕೊಳ್ಳೋಣ ಅನ್ನಿಸಿತು. ಆದರೆ ವೋಲ್ಟೆ (4ಜಿಯಲ್ಲೇ ಕರೆ) ಬರಲಿಲ್ಲ. ಏರ್‌ಟೆಲ್ ಸಿಮ್ 2ಜಿಗೆ ಇಳಿದು ಹೇಗೋ ಕರೆ ಮಾಡುತ್ತೆ. ಜಿಯೋಗೆ 2ಜಿ, 3ಜಿ ಯಾವುದೂ ಇಲ್ಲ, ವೋಲ್ಟೆ ಇಲ್ಲ ಅಂದರೆ ಕರೆಯೇ ಇಲ್ಲ. ಹಳ್ಳಿ ಕಡೆ ಜಿಯೋನೇ ಜಾಸ್ತಿ. ವೋಲ್ಟೆಗೆ ಬೇಕಾದ ಐಎಂಎಸ್ ಆ್ಯಪ್ ತುರುಕಿ ನೋಡಿದೆ, ಸೆಟ್ಟಿಂಗ್ ಬದಲಿಸೋ ಓವರ್‌ಲೇ ಹಾಕಿ ನೋಡಿದೆ, ಒಂದು ದಿನ ಬರುತ್ತೆ, ಮಾರನೇ ದಿನ ಹೋಗುತ್ತೆ. ಕೈಬಿಟ್ಟೆ. ಕ್ಯಾಮೆರಾ ಕೂಡ ಬರೀ ಮುಖ್ಯ ಲೆನ್ಸ್ ಒಂದೇ.

ಇನ್ನು ಎಲ್ಲರೂ ಎಡವೋ ಜಾಗಕ್ಕೆ ಬರೋಣ, ಲಾಕ್. ಬೂಟ್‌ಲೋಡರ್ ತೆರೆದಿಟ್ಟು ಹಳೆಯ ವರ್ಷನ್ ಓಡಿಸೋದು ದೊಡ್ಡ ವಿಷಯ ಅಲ್ಲ. ತೆರೆದಿದ್ದರೆ ರೋಲ್‌ಬ್ಯಾಕ್ ಪರೀಕ್ಷೆಯಲ್ಲಿ (ಹಳೆಯ ವರ್ಷನ್ ತಡೆಯೋ ತಪಾಸಣೆ) ಫೇಲ್ ಆದರೂ ಕಿತ್ತಳೆ ಎಚ್ಚರಿಕೆ ತೋರಿಸಿ ಬೂಟ್ ಆಗುತ್ತೆ. ಆದರೆ ಹಾಗೆ ಕೊಟ್ಟರೆ ಬ್ಯಾಂಕ್ ಆ್ಯಪ್ ತಕರಾರು ಮಾಡುತ್ತೆ, ಗಿರಾಕಿ ಸಂಜೆಗೆ ವಾಪಸ್. ಲಾಕ್ ಆದ ಮೇಲೆ ವಿಬಿಮೆಟಾ ಅನ್ನೋ, ಸಾಫ್ಟ್‌ವೇರ್ ಅಸಲಿಯೇ ಅಂತ ತಾಳೆ ನೋಡೋ ಮಾಹಿತಿ ಇರೋ ಪಾರ್ಟಿಷನ್‌ನೊಳಗಿನ ರೋಲ್‌ಬ್ಯಾಕ್ ಇಂಡೆಕ್ಸ್ ಫೋನಿನಲ್ಲಿ ಉಳಿದ ಸಂಖ್ಯೆಗಿಂತ ಕಮ್ಮಿ ಇದ್ದರೆ ಮುಗೀತು ಕಥೆ.

ಹಾಗಾದರೆ ಆ ಸಂಖ್ಯೆ ಎಷ್ಟು ಅಂತ ನೋಡಬಾರದಾ? ಯಾರೂ ನೋಡಿರಲಿಲ್ಲ! ಎಲ್ಲರೂ 'ಆ್ಯಂಟಿ ರೋಲ್‌ಬ್ಯಾಕ್ ಇದೆ, ಆಗಲ್ಲ' ಅಂತ ಬಾಯಿಮಾತಲ್ಲೇ ಮುಗಿಸಿದ್ದರು. ನಾನು ಫುಲ್ ಓಟಿಎ (ಪೂರ್ತಿ ಅಪ್‌ಡೇಟ್ ಫೈಲ್) ತಗೊಂಡು, ಅದರೊಳಗಿನ ಪೇಲೋಡ್ ಬಿಚ್ಚಿ, ವಿಬಿಮೆಟಾ ಇಮೇಜುಗಳನ್ನು ಅವನ್ನು ಓದಿ ತೋರಿಸೋ ಎವಿಬಿಟೂಲ್‌ಗೆ ಕೊಟ್ಟೆ. ಆಂಡ್ರಾಯ್ಡ್ 12ರ ಕೊನೆಯ ಬಿಲ್ಡ್‌ನಲ್ಲಿ ಇಂಡೆಕ್ಸ್ 0. ಆಂಡ್ರಾಯ್ಡ್ 13ರ ಮೊದಲ ಬಿಲ್ಡ್‌ನಲ್ಲೂ 0. ವಿಬಿಮೆಟಾ ಸಿಸ್ಟಂ, ವಿಬಿಮೆಟಾ ವೆಂಡರ್ ಎಲ್ಲದರಲ್ಲೂ ಹಾಗೇ. ಅದರ ಮುಂದಿನ ಪ್ಯಾಚ್‌ನಲ್ಲಿ ಮಾತ್ರ 1. ಅಂದರೆ 13ರ ಮೊದಲ ಬಿಲ್ಡ್‌ನಲ್ಲೇ ನಿಂತವರು ವಾಪಸ್ ಹೋಗಿ ಲಾಕ್ ಮಾಡಬಹುದು. ಬಾಗಿಲು ತೆರೆದೇ ಇತ್ತು, ತಳ್ಳಿ ನೋಡಿದವರಿಲ್ಲ.

ಎಲ್ಲಾ ಫೋನಿನಲ್ಲೂ 0, 1 ಅಂತ ಇರಲ್ಲ. ಬೇರೆ ಬ್ರ್ಯಾಂಡ್‌ನ ಒಂದರಲ್ಲಿ 1654387200 ಅಂತ ಹತ್ತಂಕಿ ಸಂಖ್ಯೆ ಕಂಡಿತು. ಏನಪ್ಪಾ ಇದು ಅಂತ ನೋಡಿದರೆ, 1970ರ ಜನವರಿ 1ರಿಂದ ಎಣಿಸಿದ ಸೆಕೆಂಡುಗಳು. ಲೆಕ್ಕ ಹಾಕಿದರೆ 2022ರ ಜೂನ್ 5, ಆ ಬಿಲ್ಡ್‌ನ ಸೆಕ್ಯುರಿಟಿ ಪ್ಯಾಚ್ ತಾರೀಖು. ಅಂಥ ಫೋನಿನಲ್ಲಿ ಪ್ರತಿ ಪ್ಯಾಚ್‌ಗೂ ಸಂಖ್ಯೆ ಏರುತ್ತೆ. ಇಳಿಸಿ ಲಾಕ್ ಮಾಡೋ ಆಸೆ ಬಿಟ್ಟುಬಿಡಿ.

ಕೆಲಸದ ಕ್ರಮ ಹೀಗೆ. ಕಂಪನಿಯ ಆ್ಯಪ್‌ನಲ್ಲೇ ಅನ್‌ಲಾಕ್‌ಗೆ ಅರ್ಜಿ, ವಾರ ಕಾಯಬೇಕು. ಅನ್‌ಲಾಕ್ ಮಾಡಿದಾಗ ಒಮ್ಮೆ ಡೇಟಾ ಹೋಗುತ್ತೆ, ಲಾಕ್ ಮಾಡಿದಾಗ ಇನ್ನೊಮ್ಮೆ. ಡೇಟಾ ಉಳಿಸಿಕೊಂಡು ಇಳಿಸೋಕೆ ಆಗಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಆಗಲ್ಲ. ಡೇಟಾ ತೆರೆಯೋ ಕೀ ಹೊಸ ಪ್ಯಾಚ್ ಲೆವೆಲ್‌ಗೆ ಕಟ್ಟಿಕೊಂಡಿರುತ್ತೆ, ಹಳೆಯ ಸಿಸ್ಟಂ ಕೈಗೆ ಅದು ಸಿಗಲ್ಲ. ನಡುವೆ ಬೂಟ್ ಮಾಡಿ ನೆಟ್‌ವರ್ಕ್, ಫಿಂಗರ್‌ಪ್ರಿಂಟ್, ಎರಡೂ ಸಿಮ್ ನೋಡಿಯೇ ಲಾಕ್ ಮಾಡಿ. ಸೂಪರ್ (ಸಿಸ್ಟಂ ಇರೋ ಪಾರ್ಟಿಷನ್), ಬೂಟ್, ವಿಬಿಮೆಟಾ ಮೂರೂ ಅಪ್ಪಟ ಸ್ಟಾಕ್ (ಕಂಪನಿಯದೇ) ಇರಬೇಕು, ವೆರಿಟಿ (ಅಸಲಿ ತಪಾಸಣೆ) ಆಫ್ ಮಾಡಿದ ವಿಬಿಮೆಟಾ ಇಟ್ಟುಕೊಂಡು ಲಾಕ್ ಒತ್ತಿದರೆ ದೇವರೇ ಗತಿ. ಫ್ಲ್ಯಾಶ್ ಮಾಡೋ ಸರದಿಯಲ್ಲಿ ಒಂದು ಸಣ್ಣ ಪಾರ್ಟಿಷನ್ ಇದೆ. ಅದನ್ನು ಮೊದಲು ಖಾಲಿ ಮಾಡದಿದ್ದರೆ ಲಾಕ್ ಆದ ಮೇಲೆ ಮೊದಲ ಬೂಟ್‌ನಲ್ಲೇ ಸಿಕ್ಕಿಹಾಕಿಕೊಳ್ಳುತ್ತೆ. ಯಾವುದು ಅಂತ ಇಲ್ಲಿ ಹೇಳಲ್ಲ. ಅದನ್ನು ಹುಡುಕೋಕೆ ನಂಗೆ ಒಂದು ತಿಂಗಳ ಅಂಗಡಿ ಬಾಡಿಗೆಯಷ್ಟು ಖರ್ಚಾಗಿದೆ. ಸ್ಕ್ಯಾಟರ್ ಫೈಲ್ (ಪಾರ್ಟಿಷನ್‌ಗಳ ಪಟ್ಟಿ) ಕಣ್ಣಿಟ್ಟು ಓದಿದವರಿಗೆ ಸಿಗುತ್ತೆ.

ಫ್ಲ್ಯಾಶ್‌ಗಿಂತ ಕಷ್ಟದ ಕೆಲಸ ಜಿಮೇಲ್. ಈ ಊರಲ್ಲಿ ಅರ್ಧ ಜನರ ಜಿಮೇಲ್ ಮಾಡಿಕೊಟ್ಟಿದ್ದು ಫೋನ್ ಮಾರಿದ ಅಂಗಡಿ ಹುಡುಗ. ಪಾಸ್‌ವರ್ಡ್ ಅವನಿಗೂ ನೆನಪಿಲ್ಲ, ಇವರಿಗೂ ಗೊತ್ತಿಲ್ಲ. ರಿಕವರಿ ನಂಬರ್ ಯಾವತ್ತೋ ಬಿಸಾಡಿದ ಸಿಮ್ಮಿನದು. ಕಾಂಟ್ಯಾಕ್ಟ್ ಎಲ್ಲಾ ಆ ಅಕೌಂಟಿನಲ್ಲೇ, ರಿಕವರಿಯಿಂದ ರೀಸೆಟ್ ಆದರೆ ಎಫ್‌ಆರ್‌ಪಿ (ಕದ್ದ ಫೋನ್ ಬಳಸದಂತೆ ತಡೆಯೋ ಬೀಗ) ಕೇಳೋದೂ ಅದನ್ನೇ. ಹಾಗಾಗಿ ಡೇಟಾ ಅಳಿಸೋ ಮುಂಚೆ, ಅಕೌಂಟ್ ಫೋನಿನಲ್ಲಿ ಇನ್ನೂ ಇರುವಾಗಲೇ ಎದುರಿಗೆ ಕೂರಿಸಿ ಪಾಸ್‌ವರ್ಡ್ ಬದಲಿಸಿ, ಚೀಟಿಯಲ್ಲಿ ಬರೆದು ಕವರ್ ಹಿಂದೆ ಇಡಿಸುತ್ತೇನೆ. ವಾಟ್ಸಾಪ್‌ಗೆ ಡ್ರೈವ್ ನಂಬಿಕೊಳ್ಳಬೇಡಿ. 'ಆಂಡ್ರಾಯ್ಡ್' ಫೋಲ್ಡರ್‌ನ 'ಮೀಡಿಯಾ' ಒಳಗಿರೋ ವಾಟ್ಸಾಪ್ ಫೋಲ್ಡರ್ ಪೂರ್ತಿ ಕಂಪ್ಯೂಟರ್‌ಗೆ ಎತ್ತಿ, ಆಮೇಲೆ ಅದೇ ಜಾಗಕ್ಕೆ ಹಾಕಿ, ನಂತರ ಆ್ಯಪ್ ತೆರೆಯಿರಿ. ಅದೇ ಬ್ಯಾಕಪ್ ಸಿಕ್ತು ಅನ್ನುತ್ತೆ. ಇಎಂಐ ಬಾಕಿ ಇರೋ ಫೋನ್ ಮುಟ್ಟಲ್ಲ, ಬಿಲ್ ಇಲ್ಲದ ಫೋನೂ ಮುಟ್ಟಲ್ಲ.

ಲೆಕ್ಕ ಹೇಳಿಬಿಡ್ತೀನಿ. ಸತ್ತ ಫೋನ್, ಕ್ರೆಡಿಟ್, ಕೇಬಲ್, ಒಂದು ಟೂಲ್‌ನ ವರ್ಷದ ಚಂದಾ, ಎಲ್ಲಾ ಸೇರಿ ಹನ್ನೆರಡು ಹದಿಮೂರು ಸಾವಿರ ಕೈಬಿಟ್ಟಿತ್ತು. ಒಂದು ಫೋನಿಗೆ ಏಳುನೂರು ತಗೊಂಡೆ, ಮಂಡಿಯವರ ಹತ್ತಿರ ಸಾವಿರ. ಈಗ ತಾನೇ ಅಸಲು ಹುಟ್ಟಿ ನಾಲ್ಕು ಕಾಸು ಲಾಭ ಕಾಣುತ್ತಿದೆ.

ಕಂಪನಿಗಳು ಹಿಂದಿನ ದಾರಿ ಮುಚ್ಚೋದು ಪೂರ್ತಿ ತಪ್ಪು ಅಂತ ನಾನು ಹೇಳಲ್ಲ. ಹಳೆಯ ವರ್ಷನ್‌ನಲ್ಲಿ ತೂತು ಇದ್ದರೆ ಕದ್ದವನು ಅಲ್ಲಿಗೇ ಇಳಿಸಿ ಒಳಗೆ ನುಗ್ಗುತ್ತಾನೆ. 2022ರಲ್ಲಿ ಪಿಕ್ಸೆಲ್ 6 ಫೋನುಗಳಿಗೆ ಆಂಡ್ರಾಯ್ಡ್ 13 ಬಂದಾಗ ಗೂಗಲ್ ಬೂಟ್‌ಲೋಡರ್ ರೋಲ್‌ಬ್ಯಾಕ್ ಸಂಖ್ಯೆ ಏರಿಸಿತು, ಹಾಕಿದ ಮೇಲೆ 12ಕ್ಕೆ ಹೋಗೋಕಾಗಲ್ಲ ಅಂತ ಮೊದಲೇ ಹೇಳಿತು. ಅದು ಮರ್ಯಾದೆಯ ರೀತಿ. ಅದೇ ಗೂಗಲ್ 2025ರ ಜನವರಿಯಲ್ಲಿ ಪಿಕ್ಸೆಲ್ 4ಎಗೆ, ಕೆಲವು ಫೋನಿನ ಬ್ಯಾಟರಿ ಸಾಮರ್ಥ್ಯ ಇಳಿಸೋ ಅಪ್‌ಡೇಟನ್ನು ತಾನಾಗೇ ಕಳಿಸಿ, ಹಳೆಯ ಇಮೇಜುಗಳನ್ನು ಸೈಟಿನಿಂದಲೇ ತೆಗೆಯಿತು. ಇದು ನಂಗೆ ಒಪ್ಪಿಗೆ ಇಲ್ಲ. ಐಫೋನ್ ವಿಷಯ ಇನ್ನೂ ಬಿಗಿ, ಹೊಸ ಐಒಎಸ್ ಬಂದ ಸ್ವಲ್ಪ ದಿನಕ್ಕೆ ಆ್ಯಪಲ್ ಹಳೆಯದಕ್ಕೆ ಸಹಿ ಹಾಕೋದನ್ನೇ ನಿಲ್ಲಿಸುತ್ತೆ. 5ಎಸ್‌ನಂಥ ಹಳೆಯದರಲ್ಲಿ ಮಾತ್ರ 2019ರ ಚೆಕ್‌ಎಂ8 (ಚಿಪ್‌ನಲ್ಲೇ ಸಿಕ್ಕ ತೂತು) ಹಿಡಿದು 10.3.3ಗೆ ಇಳಿಸಬಹುದು. ಮಾಡಿದ್ದೀನಿ, ಚೆನ್ನಾಗೇ ಓಡಿತು, ಆದರೆ ಈಗಿನ ವಾಟ್ಸಾಪ್ ಅದರಲ್ಲಿ ಬರಲ್ಲ. ಹಾಡು ಕೇಳೋಕೆ ಇಟ್ಟುಕೊಂಡಿದ್ದೀನಿ.

ಇಳಿಸಿದ ಮೇಲೆ ಮತ್ತೆ ಮೇಲೆ ಹೋಗದಂತೆ ನೋಡಿಕೊಳ್ಳಿ. ಡೆವಲಪರ್ ಆಪ್ಷನ್‌ನಲ್ಲಿ ಆಟೋಮ್ಯಾಟಿಕ್ ಸಿಸ್ಟಂ ಅಪ್‌ಡೇಟ್ ಆಫ್ ಮಾಡಿ, ಎಡಿಬಿಯಿಂದ ಅಪ್‌ಡೇಟರ್ ಪ್ಯಾಕೇಜನ್ನು ಡಿಸೇಬಲ್ ಮಾಡಿ. ಬರೀ ಮೊದಲನೆಯದು ಮಾಡಿ ಕೊಟ್ಟ ಫೋನೊಂದರಲ್ಲಿ ಗಿರಾಕಿಯ ಮೊಮ್ಮಗ ನೋಟಿಫಿಕೇಶನ್ ಒತ್ತಿ, ನೇರ ಇಂಡೆಕ್ಸ್ 1ರ ಬಿಲ್ಡ್‌ಗೇ ಹೋಗಿಬಿಟ್ಟ. ಆ ಫೋನಿಗೆ ಈಗ ಏನೂ ಮಾಡೋಕಾಗಲ್ಲ. ಸೆಕ್ಯುರಿಟಿ ಪ್ಯಾಚ್ ಹಳೆಯದಾಗುತ್ತೆ ಅನ್ನೋದನ್ನು ಗಿರಾಕಿಗೆ ಬಾಯಿಬಿಟ್ಟು ಹೇಳಿ, ಗೊತ್ತಿಲ್ಲದ ಎಪಿಕೆ (ಆ್ಯಪ್ ಫೈಲ್) ಹಾಕಬೇಡಿ ಅಂತಲೂ ಹೇಳಿ. ಮದುವೆ ಕರೆಯೋಲೆ ಅಂತ ವಾಟ್ಸಾಪ್‌ನಲ್ಲಿ ಬರೋ ಎಪಿಕೆ ಒತ್ತೋರು ಇನ್ನೂ ಇದ್ದಾರೆ.

ಸದ್ಯ ಮೇಜಿನ ಮೇಲೆ ಸ್ಕೂಲ್ ಹುಡುಗನೊಬ್ಬನ ಟ್ಯಾಬ್ ಇದೆ. ಸ್ನಾಪ್‌ಡ್ರ್ಯಾಗನ್ ಚಿಪ್, ಅಪ್‌ಡೇಟ್ ಆದ ಮೇಲೆ ಪೆನ್ ಕೆಲಸ ಮಾಡ್ತಿಲ್ಲ. ವಿಬಿಮೆಟಾ ನೋಡಿದೆ, ಹಳೆಯ, ಹೊಸ ಬಿಲ್ಡ್ ಎರಡರಲ್ಲೂ ಇಂಡೆಕ್ಸ್ ಒಂದೇ. ಆದರೆ ಫಾಸ್ಟ್‌ಬೂಟ್‌ನಲ್ಲಿ (ಕೇಬಲ್ ಹಾಕಿ ಫ್ಲ್ಯಾಶ್ ಮಾಡೋ ಮೋಡ್) ಅನ್‌ಲಾಕ್ ಕಮಾಂಡನ್ನೇ ತೆಗೆದಿದ್ದಾರೆ. 9008 ಮೋಡ್‌ಗೆ (ಚಿಪ್‌ನ ತುರ್ತು ಫ್ಲ್ಯಾಶ್ ಮೋಡ್) ಬರುತ್ತೆ, ಅದಕ್ಕೆ ಬೇಕಾದ ಫೈರ್‌ಹೋಸ್ ಫೈಲ್ ಸಹಿ ಹೊಂದುತ್ತಿಲ್ಲ. ಯಾರ ಹತ್ತಿರವಾದರೂ ಹೊಂದೋದು ಇದ್ದರೆ ಹೇಳಿ, ಬದಲಿಗೆ ಆ ಸಣ್ಣ ಪಾರ್ಟಿಷನ್ ಹೆಸರು ಹೇಳ್ತೀನಿ.