ವಿಕಾಸವಾದದ ಬಗ್ಗೆ ಅನುಮಾನ ಬಂದರೆ ಏನು ಮಾಡಬೇಕು?

ಚಿತ್ರದುರ್ಗದಲ್ಲಿ ನನ್ನದು ಬೀಜ-ಗೊಬ್ಬರದ ಅಂಗಡಿ. ದೇವರು ಇದ್ದಾನೆ ಅಂತ ಗಟ್ಟಿಯಾಗಿ ಹೇಳಲು ನನ್ನಿಂದ ಆಗುವುದಿಲ್ಲ. ಇಲ್ಲ ಅಂತಲೂ ಹೇಳಲು ಆಗುವುದಿಲ್ಲ. ಇದಕ್ಕೆ ಅಜ್ಞೇಯವಾದ ಅಂತಾರೆ. ವಿಕಾಸವಾದದ ಬಗ್ಗೆಯೂ ನನಗೆ ವರ್ಷಗಟ್ಟಲೆ ಅನುಮಾನಗಳಿದ್ದವು. ಕೆಲವು ಬಗೆಹರಿದವು, ಕೆಲವು ಹಾಗೇ ಇವೆ. ನಿಮಗೂ ಅಂಥವು ಇದ್ದರೆ ನಾನು ಮಾಡಿದ ಹಾಗೆ ಮಾಡಿ ನೋಡಿ.

ಮೊದಲು ಇನ್ನೂರು ಪುಟದ ಒಂದು ನೋಟ್‌ಬುಕ್ ತಗೊಳ್ಳಿ. ಅನುಮಾನವನ್ನು ಪ್ರಶ್ನೆಯಾಗಿ ಬರೆಯಿರಿ. 'ವಿಕಾಸವಾದ ಸುಳ್ಳು' ಅಂತ ಬರೆದರೆ ಮುಂದೆ ಹೋಗಲು ದಾರಿ ಇರುವುದಿಲ್ಲ. 'ಮಂಗನಿಂದ ಮನುಷ್ಯ ಆಗಿದ್ದರೆ ಕೋಟೆಯ ಮೇಲೆ ಇನ್ನೂ ಮಂಗಗಳು ಯಾಕಿವೆ?' ಅಂತ ಬರೆದರೆ ಉತ್ತರ ಹುಡುಕಬಹುದು. ಆಮೇಲೆ ಕೇಳಿಕೊಳ್ಳಿ: ಏನು ಕಂಡರೆ ಒಪ್ಪುತ್ತೇನೆ, ಏನು ಕಂಡರೆ ಬಿಡುತ್ತೇನೆ? ಕಣ್ಣಿಂದ ನೋಡಿ ಅಳೆದು ತೀರ್ಮಾನ ಮಾಡಬಹುದಾದ ಪ್ರಶ್ನೆಗಳು ನೋಟ್‌ಬುಕ್ಕಿನ ಮೊದಲ ಪುಟಗಳಿಗೆ. ಏನು ನೋಡಿದರೂ ತೀರ್ಮಾನ ಆಗದವು ಕೊನೆಯ ಪುಟಗಳಿಗೆ. ಎರಡನ್ನೂ ಬೆರೆಸಬೇಡಿ. ನನ್ನ ತಲೆ ಕೆಡುತ್ತಿದ್ದದ್ದು ಅಲ್ಲೇ.

ಮಂಗನ ಪ್ರಶ್ನೆ ಬೇಗ ಮುಗಿಯುತ್ತದೆ. ಕೋಟೆಯ ಮಂಗ ನಮ್ಮ ಅಜ್ಜ ಅಲ್ಲ, ದಾಯಾದಿ. ನಿಮ್ಮ ಚಿಕ್ಕಪ್ಪನ ಮಕ್ಕಳು ಹಳ್ಳಿಯಲ್ಲೇ ಇದ್ದಾರೆ, ನೀವು ದಾವಣಗೆರೆ ಸೇರಿದ್ದೀರಿ. ಇಬ್ಬರಿಗೂ ಅಜ್ಜ ಒಬ್ಬನೇ. ನೀವು ಊರು ಬಿಟ್ಟಿರಿ ಅಂತ ಅವರು ಇಲ್ಲದಂತಾಗಬೇಕಾ?

'ಜೀವಿಗಳು ಹೀಗೆ ಬದಲಾಗುವುದನ್ನು ಕಣ್ಣಾರೆ ಯಾರು ನೋಡಿದ್ದಾರೆ?' ಇದು ನನ್ನ ದೊಡ್ಡ ಪ್ರಶ್ನೆ. ಉತ್ತರ ನನ್ನ ಅಂಗಡಿಯಲ್ಲೇ ಬಿದ್ದಿತ್ತು. ಬಿಟಿ ಹತ್ತಿ ಅಂದರೆ ಹುಳ ಕೊಲ್ಲುವ ವಿಷ ಗಿಡದೊಳಗೇ ಇರುವ ಹತ್ತಿ. ಅದರ ಬೀಜದ ಪ್ಯಾಕೆಟ್ ಆಗ 450 ಗ್ರಾಂ ಇರುತ್ತಿತ್ತು. ಅದರ ಜೊತೆ 120 ಗ್ರಾಮಿನ ಒಂದು ಸಣ್ಣ ಪ್ಯಾಕೆಟ್ ಬರುತ್ತಿತ್ತು. ಅದರಲ್ಲಿ ಬಿಟಿ ಅಲ್ಲದ ಬೀಜ. ಹೊಲದ ಸುತ್ತ ಬಿತ್ತಬೇಕು. "ಹುಳ ಬೀಳೋ ಬೀಜ ನಮಗ್ಯಾಕಣ್ಣ?" ಅಂತ ಎಷ್ಟೋ ರೈತರು ಅದನ್ನು ಕೌಂಟರ್ ಮೇಲೇ ಬಿಟ್ಟು ಹೋಗುತ್ತಿದ್ದರು. ನಾನು ಅದನ್ನೆಲ್ಲ ಒಂದು ಚೀಲಕ್ಕೆ ತುಂಬಿ ಮೂಲೆಗೆ ಇಡುತ್ತಿದ್ದೆ. ಯಾಕೆ ಕೊಡುತ್ತಾರೆ ಅಂತ ನಾನು ತಿಳಿದುಕೊಳ್ಳಲಿಲ್ಲ, ಅವರಿಗೂ ಹೇಳಲಿಲ್ಲ. ಅದು ನನ್ನ ತಪ್ಪು, ಈಗಲೂ ಮನಸ್ಸಿಗೆ ಚುಚ್ಚುತ್ತದೆ.

ಲೆಕ್ಕ ಹೀಗಿದೆ. ಬಿಟಿ ಗಿಡ ತಿಂದ ಕಾಯಿಕೊರಕ ಸಾಯುತ್ತದೆ. ಆದರೆ ಅಷ್ಟೊಂದು ಹುಳಗಳಲ್ಲಿ ಎಲ್ಲೋ ಒಂದೆರಡು ಹುಟ್ಟಿನಿಂದಲೇ ಆ ವಿಷ ತಡೆಯುವಂಥವು. ಹೊಲ ಪೂರ್ತಿ ಬಿಟಿಯೇ ಆದರೆ ಉಳಿಯುವುದು ಅವು ಮಾತ್ರ. ಕೂಡುವುದೂ ಅವವೇ, ಮರಿಗಳೂ ಅವುಗಳ ಹಾಗೇ. ಸುತ್ತ ಐದು ಸಾಲು ಸಾದಾ ಹತ್ತಿ ಇದ್ದರೆ ಅಲ್ಲಿ ಮಾಮೂಲಿ ಹುಳಗಳೂ ಬದುಕುತ್ತವೆ. ಅವು ವಿಷ ತಡೆಯುವ ಹುಳಗಳ ಜೊತೆ ಕೂಡುತ್ತವೆ, ಹುಟ್ಟುವ ಮರಿಗಳಲ್ಲಿ ಹೆಚ್ಚಿನವು ವಿಷ ತಡೆಯುವುದಿಲ್ಲ. ಹಾಗಾಗಿ ಆ ಗುಣ ಬೇಗ ಹಬ್ಬುವುದಿಲ್ಲ. ಸಣ್ಣ ಪ್ಯಾಕೆಟ್ ಕೊಡುತ್ತಿದ್ದದ್ದು ಇದಕ್ಕೇ. ಬಿಟಿ ಹತ್ತಿಗೆ ನಮ್ಮ ದೇಶದಲ್ಲಿ ಒಪ್ಪಿಗೆ ಸಿಕ್ಕಿದ್ದು 2002ರಲ್ಲಿ. 2010ರ ಹೊತ್ತಿಗೆ ಗುಜರಾತಿನಲ್ಲಿ ಗುಲಾಬಿ ಕಾಯಿಕೊರಕ ಮೊದಲ ಬಿಟಿ ತಳಿಗೆ ಬಗ್ಗುತ್ತಿಲ್ಲ ಅನ್ನುವುದು ಖಚಿತವಾಯಿತು. ಯಾವ ಹುಳವೂ ಬುದ್ಧಿ ಕಲಿಯಲಿಲ್ಲ. ತಡೆಯುವಂಥವು ಉಳಿದವು, ಉಳಿದವು ಹೆಚ್ಚಾದವು.

ಇಷ್ಟಕ್ಕೇ ಎಲ್ಲ ಸಾಬೀತಾಯಿತು ಅಂತ ಪುಟ ಮುಚ್ಚಬೇಡಿ. ಕಾಯಿಕೊರಕ ಇನ್ನೂ ಕಾಯಿಕೊರಕವೇ, ಅಲ್ವಾ? ಮೀನಿನ ವಂಶದಿಂದ ಕಾಲಿರುವ ಪ್ರಾಣಿ ಬಂತು ಅನ್ನಲು ಬೇರೆ ಸಾಕ್ಷಿ ಬೇಕು. ಅಂಥ ನಡುವಿನ ಜೀವಿ ಯಾವ ವಯಸ್ಸಿನ ಬಂಡೆಯಲ್ಲಿ ಸಿಗಬೇಕು ಅಂತ ವಿಜ್ಞಾನಿಗಳು ಮೊದಲೇ ಲೆಕ್ಕ ಹಾಕಿ, ಕೆನಡಾದ ಎಲ್ಸ್‌ಮಿಯರ್ ದ್ವೀಪದಲ್ಲಿ ಹುಡುಕಿದರು. 2004ರಲ್ಲಿ ಟಿಕ್ಟಾಲಿಕ್ ಸಿಕ್ಕಿತು. ಸುಮಾರು 37.5 ಕೋಟಿ ವರ್ಷ ಹಳೆಯದು. ಮೈಮೇಲೆ ಮೀನಿನ ಹುರುಪೆ, ಈಜುರೆಕ್ಕೆಯೊಳಗೆ ಮಣಿಕಟ್ಟಿನಂಥ ಮೂಳೆ, ತಿರುಗಿಸಲು ಕತ್ತು. ಮೊದಲು ಹೇಳಿ ಆಮೇಲೆ ಹುಡುಕಿದರಲ್ಲ, ನನ್ನನ್ನು ಒಪ್ಪಿಸಿದ್ದು ಅದು.

ಇಷ್ಟೆಲ್ಲ ಬದಲಾಗಲು ಬೇಕಾದಷ್ಟು ಕಾಲ ಎಲ್ಲಿತ್ತು ಅನ್ನುವುದು ಇನ್ನೊಂದು ಅನುಮಾನ. ಇದು ದೊಡ್ಡವರಿಗೂ ಇತ್ತು. ಭೂಮಿ ತಣ್ಣಗಾದ ಲೆಕ್ಕ ಹಿಡಿದು ಭೌತವಿಜ್ಞಾನಿ ಲಾರ್ಡ್ ಕೆಲ್ವಿನ್ 1897ರಲ್ಲಿ ಅದರ ವಯಸ್ಸು 2ರಿಂದ 4 ಕೋಟಿ ವರ್ಷ ಅಂದರು. ವಿಕಾಸಕ್ಕೆ ಅದು ಸಾಲದು. ಅವರ ಹಿಂದಿನ ಲೆಕ್ಕಗಳೇ ಡಾರ್ವಿನ್ನರನ್ನು ಕಾಡಿದ್ದವು. ಬಂಡೆಗಳಲ್ಲಿರುವ ಯುರೇನಿಯಂನಂಥ ಧಾತುಗಳನ್ನು ಅಳೆಯಲು ಕಲಿತ ಮೇಲೆ ಈಗಿನ ಲೆಕ್ಕ ಬಂತು: ಸುಮಾರು 454 ಕೋಟಿ ವರ್ಷ. ಬರೀ ಅಂಕಿ ಓದಿದರೆ ಏನೂ ಅನ್ನಿಸುವುದಿಲ್ಲ. ಒಂದು ಭಾನುವಾರ ಹಿರಿಯೂರು ತಾಲ್ಲೂಕಿನ ಮರಡಿಹಳ್ಳಿಗೆ ಹೋಗಿ. ಬಿಸಿಲಿಗೆ ಒಣಗಿದ ಬಯಲು. ಅಲ್ಲಿ ದಿಂಬುಗಳನ್ನು ಒತ್ತೊತ್ತಾಗಿ ಜೋಡಿಸಿಟ್ಟ ಹಾಗೆ ಕಲ್ಲುಗಳಿವೆ. ಲಾವಾ ನೀರಿನೊಳಗೆ ಉಕ್ಕಿದರೆ ಮಾತ್ರ ಹೀಗೆ ದಿಂಬಿನ ಆಕಾರಕ್ಕೆ ಬರುತ್ತದೆ. ಮಳೆಗೆ ಕಾಯುವ ನಮ್ಮ ಈ ನೆಲ ಸುಮಾರು 250 ಕೋಟಿ ವರ್ಷದ ಹಿಂದೆ ನೀರಿನಡಿ ಇತ್ತು. ಒಂದು ದಿಂಬಿನ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತುಕೊಳ್ಳಿ. ನಾನು ಒಂದು ತಾಸು ಕೂತಿದ್ದೆ.

ಇನ್ನು ಕೊನೆಯ ಪುಟಗಳು. ಇದೆಲ್ಲ ಯಾಕಿದೆ? ಇದರ ಹಿಂದೆ ಯಾರಾದರೂ ಇದ್ದಾರಾ? ಇಂಥವಕ್ಕೆ ವಿಕಾಸವಾದ ಉತ್ತರ ಹೇಳುವುದಿಲ್ಲ. ಮೊದಲ ಜೀವ ಹೇಗೆ ಹುಟ್ಟಿತು ಅನ್ನುವುದು ಮಾತ್ರ ಮೊದಲ ಪುಟಗಳ ಪ್ರಶ್ನೆ. ಉತ್ತರ ಇನ್ನೂ ಪೂರ್ತಿ ಸಿಕ್ಕಿಲ್ಲ, ಅದರ ಮುಂದೆ ಜಾಗ ಖಾಲಿ ಬಿಡಿ. ಆ ಖಾಲಿ ಜಾಗ ದೇವರಿಗೂ ಸಾಕ್ಷಿ ಅಲ್ಲ, ದೇವರಿಲ್ಲ ಅನ್ನುವುದಕ್ಕೂ ಸಾಕ್ಷಿ ಅಲ್ಲ. ಡಾರ್ವಿನ್ ಜೊತೆಗೇ 1858ರಲ್ಲಿ ಇದೇ ವಿಚಾರ ಮಂಡಿಸಿದ ವ್ಯಾಲೆಸ್, ಮುಂದೆ ಮನುಷ್ಯನ ಮನಸ್ಸನ್ನು ಇದರಿಂದ ಪೂರ್ತಿ ವಿವರಿಸಲು ಆಗುವುದಿಲ್ಲ ಅಂದರು. ನಾನು ಅದನ್ನು ಒಪ್ಪುವುದಿಲ್ಲ. ಆದರೂ ಬರೆದಿಟ್ಟುಕೊಂಡಿದ್ದೇನೆ.

ಮನೆಯಲ್ಲಿ ಹಿರಿಯರ ಜೊತೆ ವಾದಕ್ಕೆ ನಿಲ್ಲಬೇಡಿ. ಕಂಡದ್ದನ್ನು ಹೇಳಿ, ಅವರು ಹೇಳುವುದನ್ನೂ ಕೇಳಿ. ನನ್ನ ಅಮ್ಮ ತಿಪ್ಪೇರುದ್ರಸ್ವಾಮಿ ಭಕ್ತೆ. ನಾಯಕನಹಟ್ಟಿ ತೇರಿಗೆ ನಾನೇ ಕರೆದುಕೊಂಡು ಹೋಗುತ್ತೇನೆ, ಅವರು ಕೊಬ್ಬರಿ ಸುಡುವಾಗ ಪಕ್ಕದಲ್ಲಿ ನಿಂತಿರುತ್ತೇನೆ. ಒಮ್ಮೆ ವಾಪಸ್ ಬರುವಾಗ ಬಸ್ಸಿನಲ್ಲಿ ಕಾಯಿಕೊರಕದ ಕಥೆ ಹೇಳಿದೆ. ಪೂರ್ತಿ ಕೇಳಿ ಅಮ್ಮ ಕೇಳಿದರು, "ಆ ಒಂದೆರಡು ಹುಳಕ್ಕೆ ತಡೆಯೋ ಶಕ್ತಿ ಎಲ್ಲಿಂದ ಬಂತಪ್ಪ?"

ತಂದೆ-ತಾಯಿಯಿಂದ ಮರಿಗೆ ಗುಣ ನಕಲಾಗುವಾಗ ಆಗುವ ಸಣ್ಣ ತಪ್ಪಿನಿಂದ ಅಂದೆ.

"ತಪ್ಪಾಗೋಕೆ ಅಂತ ಅಲ್ಲಿ ಜಾಗ ಬಿಟ್ಟೋರ್ಯಾರು?"

ಮನೆಗೆ ಬಂದು ಆ ಮಾತನ್ನು ಕೊನೆಯ ಪುಟದಲ್ಲಿ ಬರೆದೆ. ಕೆಳಗೆ 'ಅಮ್ಮ' ಅಂತ ಹಾಕಿ ತಾರೀಖು ಹಾಕಿದೆ.