ಆಕ್ರಮಿತ ಪ್ರದೇಶಗಳ ಮರುಸೇರ್ಪಡೆ: ಉಕ್ರೇನಿನ ಮಸೂದೆಗೆ ನಾಗರಿಕರ ಸಲಹೆ ತಲುಪಿಸುವ ಬಗೆ

ರಷ್ಯಾ ಆಕ್ರಮಿಸಿದ ಪ್ರದೇಶಗಳನ್ನು ಮತ್ತೆ ಉಕ್ರೇನಿನೊಳಗೆ ಸೇರಿಸಿಕೊಳ್ಳುವ ಕುರಿತ ಮಸೂದೆಗೆ ನಾಗರಿಕರೂ ಸಲಹೆ ನೀಡಬಹುದು. ಆದರೆ ಉಕ್ರೇನಿನ ಸಂವಿಧಾನದ 93ನೇ ವಿಧಿಯಂತೆ ಮಸೂದೆ ಮಂಡಿಸುವ ಹಕ್ಕು ಅಧ್ಯಕ್ಷರಿಗೆ, ಸಂಸದರಿಗೆ ಮತ್ತು ಸಚಿವ ಸಂಪುಟಕ್ಕೆ ಮಾತ್ರ ಇರುವುದರಿಂದ, ನಾಗರಿಕರು ಮೊದಲು ತಮ್ಮ ಸಲಹೆಯನ್ನು ಕೈಗೆತ್ತಿಕೊಳ್ಳಬಲ್ಲ ಸಂಸದರೊಬ್ಬರನ್ನು ಹುಡುಕಬೇಕು. ಮಸೂದೆಯು ಸಂಸತ್ತಿನ ಮೊದಲ ವಾಚನದಲ್ಲಿ (ಮೊದಲ ಸುತ್ತಿನ ಚರ್ಚೆ ಮತ್ತು ಮತದಾನದಲ್ಲಿ) ಅಂಗೀಕಾರವಾಗಿ ಎರಡನೆಯದಕ್ಕೆ ಹೋಗುವ ನಡುವಿನ ಅವಧಿಯೇ ತಿದ್ದುಪಡಿಗೆ ಸಕಾಲ.

ಸಲಹೆ ಬರೆಯುವಾಗ ಭಾವಾವೇಶಕ್ಕಿಂತ ಕಾನೂನಿನ ಕಲಮುಗಳ ಭಾಷೆ ಹೆಚ್ಚು ಕೆಲಸ ಮಾಡುತ್ತದೆ. ಆಕ್ರಮಿತ ಪ್ರದೇಶದಲ್ಲಿ ಹುಟ್ಟಿದ ಮಗುವಿನ ಜನನ ನೋಂದಣಿಗೆ ಪೋಷಕರು ಉಕ್ರೇನಿನ ನ್ಯಾಯಾಲಯದ ಮೊರೆ ಹೋಗಬೇಕಾಗುವ ನಿಯಮ ನಿಮ್ಮ ಆಕ್ಷೇಪವಾಗಿದ್ದರೆ, ಹಾಳೆಯಲ್ಲಿ ಮೂರು ಅಂಕಣ ಎಳೆದು ಈಗಿರುವ ಪಠ್ಯ, ನೀವು ಬಯಸುವ ಪಠ್ಯ ಮತ್ತು ಕಾರಣವನ್ನು ಅಕ್ಕಪಕ್ಕ ಬರೆಯಿರಿ. ಸಂಸದರ ಸಹಾಯಕರು ಅದನ್ನು ನೇರವಾಗಿ ತಿದ್ದುಪಡಿಯಾಗಿಸಬಹುದು.

ಅಧ್ಯಕ್ಷರಿಗೆ ಸಲ್ಲಿಸುವ ವಿದ್ಯುನ್ಮಾನ ಮನವಿಗೆ ಮೂರು ತಿಂಗಳಲ್ಲಿ 25,000 ಸಹಿ ಬೇಕು. ಅಷ್ಟಾದರೂ ಅದು ಪರಿಶೀಲನೆಗೆ ಒತ್ತಾಯಿಸುತ್ತದೆಯೇ ಹೊರತು ಕಾನೂನನ್ನು ಹುಟ್ಟಿಸುವುದಿಲ್ಲ.

ತಜ್ಞರ ಅಭಿಪ್ರಾಯವನ್ನೂ ಜೊತೆಗಿರಿಸಿ: 2021ರಲ್ಲಿ ಸಂಪುಟ ಮಂಡಿಸಿದ ಸಂಕ್ರಮಣ ಕಾಲದ (ಆಕ್ರಮಣದಿಂದ ಮರುಸೇರ್ಪಡೆಯವರೆಗಿನ ಅವಧಿಯ) ಮಸೂದೆಯನ್ನು ಯುರೋಪ್ ಮಂಡಳಿಯ ಸಂವಿಧಾನ ಸಲಹಾ ಸಂಸ್ಥೆಯಾದ ವೆನಿಸ್ ಆಯೋಗ ಪರಿಶೀಲಿಸಿ ಅಭಿಪ್ರಾಯ ನೀಡಿತ್ತು, 2022ರ ಜನವರಿಯಲ್ಲಿ ಸರ್ಕಾರ ಅದನ್ನು ಹಿಂತೆಗೆದುಕೊಂಡಿತು.

ಆಕ್ರಮಿತ ಪ್ರದೇಶದಲ್ಲಿಯೇ ಉಳಿದಿರುವ ಬಂಧುಗಳ ಅನುಭವವನ್ನು ಉಲ್ಲೇಖಿಸುವುದಾದರೆ, ಅವರ ಹೆಸರನ್ನೂ ಊರನ್ನೂ ಖಂಡಿತ ಬರೆಯಬೇಡಿ.